ಘಟಕವಾಗಿ ಹುಟ್ಟಿ ಕೇಂದ್ರವಾಗಿ ಬೆಳೆದದ್ದು: ಎಸ್‌ಎನ್‌ಡಿಟಿ ವಿಶ್ವವಿದ್ಯಾಲಯದ ಮಹಿಳಾ ಅಧ್ಯಯನ, ಒಂದು ಪ್ರಕರಣ ಅಧ್ಯಯನ

ಮುಂಬಯಿಯ ಶ್ರೀಮತಿ ನಾಥಿಬಾಯಿ ದಾಮೋದರ ಠಾಕರ್ಸಿ (ಎಸ್‌ಎನ್‌ಡಿಟಿ) ಮಹಿಳಾ ವಿಶ್ವವಿದ್ಯಾಲಯದಲ್ಲಿ 1974ರಲ್ಲಿ ಒಂದು ಸಣ್ಣ ಸಂಶೋಧನಾ ಘಟಕ ಆರಂಭವಾಯಿತು. ಸಮಾಜಶಾಸ್ತ್ರದ ಅಧ್ಯಾಪಕಿ ನೀರಾ ದೇಸಾಯಿ ಅದರ ಹೊಣೆ ಹೊತ್ತರು. ಭಾರತದ ವಿಶ್ವವಿದ್ಯಾಲಯವೊಂದರ ಒಳಗೆ ಮಹಿಳಾ ಅಧ್ಯಯನಕ್ಕೆಂದೇ ತೆರೆದ ಮೊದಲ ನೆಲೆ ಇದು. ಇಂದು ನಮ್ಮ ಬಹುತೇಕ ದೊಡ್ಡ ವಿಶ್ವವಿದ್ಯಾಲಯಗಳಲ್ಲಿ ಮಹಿಳಾ ಅಧ್ಯಯನದ ಕೇಂದ್ರವೋ ವಿಭಾಗವೋ ಇದೆ, ಸ್ನಾತಕೋತ್ತರ ಪದವಿ ಇದೆ, ಪಿಎಚ್‌.ಡಿ. ಇದೆ, ಅಧ್ಯಾಪಕ ಹುದ್ದೆಯ ಅರ್ಹತೆಗಾಗಿ ನಡೆಯುವ ವಿಶ್ವವಿದ್ಯಾಲಯ ಅನುದಾನ ಆಯೋಗದ ನೆಟ್ ಪರೀಕ್ಷೆಯಲ್ಲಿ ಅದೊಂದು ಸ್ವತಂತ್ರ ವಿಷಯವಾಗಿದೆ. ಇಷ್ಟಾಗಿಯೂ ಈ ವಿಷಯವನ್ನು ಕಲಿಸುವವರಲ್ಲಿ ಹೆಚ್ಚಿನವರು ಇಂದಿಗೂ ತಾತ್ಕಾಲಿಕ ನೇಮಕಾತಿಯಲ್ಲೇ ಇದ್ದಾರೆ ಅಥವಾ ಬೇರೆ ವಿಭಾಗದಿಂದ ಎರವಲು ಬಂದವರಾಗಿದ್ದಾರೆ. ವಿಶ್ವವಿದ್ಯಾಲಯಗಳು ಮಹಿಳಾ ಅಧ್ಯಯನವನ್ನು ಜ್ಞಾನವೆಂದು ಒಪ್ಪಿಕೊಂಡವು, ಆದರೆ ಅದಕ್ಕೆ ಖಾಯಂ ಹುದ್ದೆಗಳನ್ನು ಕೊಡಲು ಒಪ್ಪಲಿಲ್ಲ. ಈ ಬಿರುಕು ಎಲ್ಲಿಂದ ಬಂತು ಎಂಬುದನ್ನು ಎಸ್‌ಎನ್‌ಡಿಟಿಯ ಪ್ರಕರಣವನ್ನು ಹತ್ತಿರದಿಂದ ನೋಡಿ ತಿಳಿಯುವುದು ಈ ಬರಹದ ಉದ್ದೇಶ.

ಕರ್ವೆಯವರ ವಿಶ್ವವಿದ್ಯಾಲಯ

ಮಹಿಳಾ ವಿಶ್ವವಿದ್ಯಾಲಯದಲ್ಲಿ ಮಹಿಳಾ ಅಧ್ಯಯನ ಹುಟ್ಟುವುದು ಸಹಜವೇ ಎಂದು ಯಾರಿಗಾದರೂ ಅನ್ನಿಸಬಹುದು. ವಾಸ್ತವದಲ್ಲಿ ಅದು ಅಷ್ಟು ಸಹಜವಾಗಿರಲಿಲ್ಲ. ಧೋಂಡೋ ಕೇಶವ ಕರ್ವೆಯವರು ವಿಧವೆಯರಿಗಾಗಿ ಆಶ್ರಮ ಕಟ್ಟಿ ದುಡಿದು, ಜಪಾನಿನ ಮಹಿಳಾ ವಿಶ್ವವಿದ್ಯಾಲಯದ ಕುರಿತ ಒಂದು ಕಿರುಪುಸ್ತಿಕೆಯಿಂದ ಪ್ರೇರಣೆ ಪಡೆದು, 1916ರಲ್ಲಿ ಪುಣೆಯಲ್ಲಿ ಈ ಸಂಸ್ಥೆಯನ್ನು ತೆರೆದರು. ಮಹಿಳೆಯರ ಉನ್ನತ ಶಿಕ್ಷಣವು ಮಾತೃಭಾಷೆಯಲ್ಲಿ ನಡೆಯಬೇಕು, ಮನೆವಾರ್ತೆಗೆ ಒದಗುವ ವಿಷಯಗಳು ಪಠ್ಯದಲ್ಲಿ ಇರಬೇಕು ಎಂಬುದು ಅವರ ಎಣಿಕೆಯಾಗಿತ್ತು. ಸರ್ ವಿಠಲದಾಸ ಠಾಕರ್ಸಿಯವರು 15 ಲಕ್ಷ ರೂಪಾಯಿಗಳ ದತ್ತಿ ಕೊಟ್ಟ ಮೇಲೆ ಅವರ ತಾಯಿಯ ಹೆಸರು ಸಂಸ್ಥೆಗೆ ಬಂತು. 1936ರಲ್ಲಿ ಅದರ ಮುಖ್ಯ ಕಚೇರಿ ಮುಂಬಯಿಗೆ ಬಂತು, ಸ್ವಾತಂತ್ರ್ಯಾನಂತರ ಶಾಸನಬದ್ಧ ವಿಶ್ವವಿದ್ಯಾಲಯದ ಮಾನ್ಯತೆಯೂ ದೊರೆಯಿತು. ಕರ್ವೆಯವರ ಧೈರ್ಯ ಮತ್ತು ಕರುಣೆ ಅಪಾರವಾದವು. ಆದರೆ ಅವರು ಕಟ್ಟಿದ ಸಂಸ್ಥೆ ಮಹಿಳೆಯನ್ನು ವಿದ್ಯೆ ಪಡೆಯುವವಳನ್ನಾಗಿ ಕಂಡಿತೇ ಹೊರತು ಮಹಿಳೆಯ ಸ್ಥಾನಮಾನವನ್ನೇ ವಿದ್ಯೆಯ ವಸ್ತುವನ್ನಾಗಿ ಕಾಣಲಿಲ್ಲ. ಹೆಣ್ಣುಮಕ್ಕಳಿಗೆ ಕಲಿಸುವುದು ಒಂದು ಕೆಲಸ, ಹೆಣ್ಣಿನ ಬದುಕು ಹೀಗೇಕಿದೆ ಎಂದು ಕೇಳುವುದು ಬೇರೆಯೇ ಕೆಲಸ. ಇವೆರಡರ ನಡುವಿನ ದೂರವನ್ನು ಕ್ರಮಿಸಲು ಸಂಸ್ಥೆಗೆ ಐದು ದಶಕಗಳಿಗೂ ಹೆಚ್ಚು ಕಾಲ ಹಿಡಿಯಿತು.

ಆ ದೂರವನ್ನು ಮೊದಲು ಅಳೆದವರಲ್ಲಿ ನೀರಾ ದೇಸಾಯಿ ಒಬ್ಬರು. 1925ರಲ್ಲಿ ಜನಿಸಿದ, ವಿದ್ಯಾರ್ಥಿನಿಯಾಗಿದ್ದಾಗಲೇ 1942ರ ಚಳವಳಿಯಲ್ಲಿ ಪಾಲ್ಗೊಂಡ ಅವರು, ಸ್ನಾತಕೋತ್ತರ ಪದವಿಗಾಗಿ ಆಧುನಿಕ ಭಾರತದ ಮಹಿಳೆಯ ಕುರಿತು ಪ್ರಬಂಧ ಬರೆದರು. ಅದು 1957ರಲ್ಲಿ ಪುಸ್ತಕವಾಗಿ ಬಂತು. ಆಗ ಸಮಾಜಶಾಸ್ತ್ರದ ಪಠ್ಯಗಳಲ್ಲಿ ಮಹಿಳೆ ಕಾಣಿಸುತ್ತಿದ್ದುದು ಕುಟುಂಬ, ವಿವಾಹ, ಬಂಧುತ್ವ ಎಂಬ ಅಧ್ಯಾಯಗಳಲ್ಲಿ ಮಾತ್ರ. ಉತ್ಪಾದನೆ, ರಾಜಕಾರಣ, ವರ್ಗಗಳ ಕುರಿತ ಅಧ್ಯಾಯಗಳಲ್ಲಿ ಅವಳ ಸುಳಿವೇ ಇರುತ್ತಿರಲಿಲ್ಲ. 1954ರಲ್ಲಿ ಎಸ್‌ಎನ್‌ಡಿಟಿಯ ಅಧ್ಯಾಪಕಿಯಾದ ದೇಸಾಯಿಯವರು ಘಟಕ ತೆರೆಯುವ ಹೊತ್ತಿಗೆ ಎರಡು ದಶಕಗಳ ಪಾಠದ ಅನುಭವ ಗಳಿಸಿದ್ದರು. ಒಂದು ಶಿಸ್ತು ಬೆಳೆಯುವಾಗ ಇಂತಹ ದೀರ್ಘ ಸಿದ್ಧತೆ ಹೊರಗಿನವರ ಕಣ್ಣಿಗೆ ಬೀಳುವುದಿಲ್ಲ. ಆದರೆ ಅದಿಲ್ಲದೆ ಘಟಕಕ್ಕೆ ಮಂಜೂರಾತಿ ಸಿಕ್ಕರೂ ಅದು ಕಾಗದದಲ್ಲೇ ಉಳಿಯುತ್ತಿತ್ತು ಎಂಬುದರಲ್ಲಿ ಸಂಶಯವಿಲ್ಲ.

ವರದಿಯೊಂದು ತೆರೆದ ದಾರಿ

ಅಮೆರಿಕದಲ್ಲಿ ಈ ಶಿಸ್ತು ಬೇರೊಂದು ಬಗೆಯಲ್ಲಿ ಆರಂಭವಾಯಿತು. 1970ರಲ್ಲಿ ಸ್ಯಾನ್ ಡಿಯಾಗೋ ಸ್ಟೇಟ್ ಸಂಸ್ಥೆಯಲ್ಲಿ ಮೊದಲ ಮಹಿಳಾ ಅಧ್ಯಯನ ಕಾರ್ಯಕ್ರಮ ಶುರುವಾದದ್ದು ಆವರಣದೊಳಗಿನ ವಿದ್ಯಾರ್ಥಿನಿಯರು ಮತ್ತು ಅಧ್ಯಾಪಕಿಯರ ಒತ್ತಾಯದಿಂದ. ಭಾರತದಲ್ಲಿ ಮೊದಲ ದೊಡ್ಡ ತಳ್ಳು ಬಂದದ್ದು ಸರ್ಕಾರವೇ ನೇಮಿಸಿದ ಒಂದು ಸಮಿತಿಯಿಂದ. ಮಹಿಳೆಯರ ಸ್ಥಾನಮಾನದ ಬಗ್ಗೆ ಸದಸ್ಯ ರಾಷ್ಟ್ರಗಳು ವರದಿ ಕೊಡಬೇಕೆಂದು ವಿಶ್ವಸಂಸ್ಥೆ ಕೇಳಿದ ಹಿನ್ನೆಲೆಯಲ್ಲಿ, 1971ರ ಸೆಪ್ಟೆಂಬರಿನಲ್ಲಿ ಕೇಂದ್ರ ಶಿಕ್ಷಣ ಮತ್ತು ಸಮಾಜ ಕಲ್ಯಾಣ ಸಚಿವಾಲಯವು ಫೂಲ್‌ರೇಣು ಗುಹಾ ಅವರ ಅಧ್ಯಕ್ಷತೆಯಲ್ಲಿ ಸಮಿತಿಯನ್ನು ರಚಿಸಿತು. ವೀಣಾ ಮಜುಂದಾರ್ ಅದರ ಸದಸ್ಯ ಕಾರ್ಯದರ್ಶಿಯಾದರು. ಲೋತಿಕಾ ಸರ್ಕಾರ್ ಮತ್ತು ಲೀಲಾ ದುಬೆ ಸದಸ್ಯರಲ್ಲಿದ್ದರು. 'ಸಮಾನತೆಯತ್ತ' ಎಂಬ ಅರ್ಥದ ಶೀರ್ಷಿಕೆ ಹೊತ್ತ ಅದರ ವರದಿ 1974ರ ಕೊನೆಯಲ್ಲಿ ಸಿದ್ಧವಾಯಿತು.

ಸಂವಿಧಾನ ಸಮಾನತೆಯನ್ನು ಕೊಟ್ಟಾಗಿದೆ, ಇನ್ನು ಉಳಿದಿರುವುದು ಕಾಲದ ಪ್ರಶ್ನೆ ಮಾತ್ರ ಎಂದು ನಂಬಿದ್ದ ವಿದ್ಯಾವಂತ ವರ್ಗಕ್ಕೆ ಆ ವರದಿ ಕೊಟ್ಟ ಆಘಾತ ಸಣ್ಣದಲ್ಲ. 1901ರಲ್ಲಿ ಸಾವಿರ ಪುರುಷರಿಗೆ 972 ಮಹಿಳೆಯರಿದ್ದರೆ 1971ರ ಹೊತ್ತಿಗೆ ಆ ಸಂಖ್ಯೆ 930ಕ್ಕೆ ಇಳಿದಿತ್ತು. ಹೆಣ್ಣುಮಕ್ಕಳ ಸಾಕ್ಷರತೆ ಶೇ. 19ನ್ನೂ ಮುಟ್ಟಿರಲಿಲ್ಲ. ದುಡಿಯುವ ಮಹಿಳೆಯರ ಪ್ರಮಾಣ ಕುಸಿದಿತ್ತು. ತಾವೇ ಉನ್ನತ ಶಿಕ್ಷಣದ ಫಲವಾಗಿದ್ದ ಸಮಿತಿಯ ಸದಸ್ಯೆಯರು, ಇಷ್ಟು ಕಾಲ ತಾವು ಕಲಿಸಿದ ಸಮಾಜವಿಜ್ಞಾನ ಇದನ್ನೇಕೆ ಹೇಳಲಿಲ್ಲ ಎಂದು ಕೇಳಿಕೊಳ್ಳಬೇಕಾಯಿತು. ಮಹಿಳಾ ಅಧ್ಯಯನದ ನಿಜವಾದ ಹುಟ್ಟು ಈ ಪ್ರಶ್ನೆಯಲ್ಲಿದೆ ಎಂದು ನನ್ನ ಅಭಿಪ್ರಾಯ. ಮಹಿಳೆಯರ ಸಮಸ್ಯೆಗಳ ಪಟ್ಟಿ ಮಾಡುವುದಕ್ಕಿಂತ ಹೆಚ್ಚಾಗಿ, ಆ ಸಮಸ್ಯೆಗಳನ್ನು ಕಾಣದಂತೆ ಮಾಡಿದ ಜ್ಞಾನದ ರೀತಿಯನ್ನು ಪರೀಕ್ಷಿಸುವುದು ಅದರ ಕೆಲಸವಾಯಿತು.

ಸಮಿತಿಗೆ ಬೇಕಾದ ಹತ್ತಾರು ಅಧ್ಯಯನಗಳಿಗೆ ಭಾರತೀಯ ಸಮಾಜವಿಜ್ಞಾನ ಸಂಶೋಧನಾ ಮಂಡಳಿ ನೆರವಾಗಿತ್ತು. ಮಂಡಳಿಯ ಸದಸ್ಯ ಕಾರ್ಯದರ್ಶಿಯಾಗಿದ್ದವರು ಜೆ. ಪಿ. ನಾಯಕ್. ಧಾರವಾಡದ ಬಳಿಯ ಉಪ್ಪಿನಬೆಟಗೇರಿಯಲ್ಲಿ ಯೌವನದ ದಿನಗಳಲ್ಲಿ ಗ್ರಾಮಸೇವೆ ಮಾಡಿದ್ದ ಈ ಶಿಕ್ಷಣತಜ್ಞರ ಒತ್ತಾಸೆಯಿಂದ, ಸಮಿತಿ ಮುಗಿದ ಮೇಲೂ ಮಹಿಳಾ ಅಧ್ಯಯನದ ಕಾರ್ಯಕ್ರಮವೊಂದು ಮಂಡಳಿಯಲ್ಲಿ ಮುಂದುವರಿಯಿತು. ಅದರ ಮುಂದಿನ ಹೆಜ್ಜೆಯಾಗಿ 1980ರಲ್ಲಿ ದೆಹಲಿಯಲ್ಲಿ ವೀಣಾ ಮಜುಂದಾರ್ ಅವರ ನೇತೃತ್ವದಲ್ಲಿ ಮಹಿಳಾ ಅಭಿವೃದ್ಧಿ ಅಧ್ಯಯನ ಕೇಂದ್ರ ತಲೆಯೆತ್ತಿತು. ಆದರೆ ಅದು ವಿಶ್ವವಿದ್ಯಾಲಯದ ಹೊರಗಿನ ಸಂಸ್ಥೆ. ಪಾಠ, ಪರೀಕ್ಷೆ, ಪಠ್ಯಕ್ರಮ ಸಮಿತಿ, ಸೆನೆಟ್ಟು ಇವೆಲ್ಲದರ ನಡುವೆ ಈ ಶಿಸ್ತಿಗೆ ಜಾಗ ಮಾಡಿಕೊಡುವ ಕಷ್ಟವನ್ನು ಎಸ್‌ಎನ್‌ಡಿಟಿಯ ಘಟಕವೇ ಎದುರಿಸಬೇಕಾಯಿತು.

ಘಟಕದ ಆರಂಭದ ವರ್ಷಗಳ ಕೆಲಸದಲ್ಲಿ ಹೊರಗೆ ಎದ್ದು ಕಾಣುವಂಥದ್ದು ಹೆಚ್ಚೇನೂ ಇರಲಿಲ್ಲ. ಓದಬೇಕೆಂದರೆ ಪುಸ್ತಕವಿಲ್ಲ, ಕಲಿಸಬೇಕೆಂದರೆ ಪಠ್ಯವಿಲ್ಲ ಎಂಬ ಸ್ಥಿತಿಯಲ್ಲಿ ಅದು ಗ್ರಂಥಸೂಚಿಗಳನ್ನು ಸಿದ್ಧಪಡಿಸಿತು, ಚದುರಿದ ವರದಿಗಳನ್ನೂ ಪ್ರಾದೇಶಿಕ ಭಾಷೆಗಳ ಬರಹಗಳನ್ನೂ ಕಲೆಹಾಕಿತು, ಬೇರೆ ವಿಷಯಗಳ ಅಧ್ಯಾಪಕರನ್ನು ಕರೆದು ಕಾರ್ಯಾಗಾರಗಳನ್ನು ನಡೆಸಿತು. ಅರ್ಥಶಾಸ್ತ್ರದ ಹಿನ್ನೆಲೆಯ ಮೈತ್ರೇಯಿ ಕೃಷ್ಣರಾಜ್ ಅವರು ದೇಸಾಯಿಯವರ ಜೊತೆಗೂಡಿದರು. ಮುಂದೆ ಅವರೇ ಕೇಂದ್ರದ ನಿರ್ದೇಶಕಿಯಾದರು. 1980ರ ದಶಕದಲ್ಲಿ ದಕ್ಷಿಣ ಗುಜರಾತಿನ ಉದ್ವಾಡದಲ್ಲಿ ಗ್ರಾಮೀಣ ಮಹಿಳೆಯರ ನಡುವೆ ಕೇಂದ್ರ ಕೆಲಸ ಮಾಡಿತು. ಸಂಶೋಧಕಿಯರು ಹಳ್ಳಿಗೆ ಹೋಗಿ ಪ್ರಶ್ನಾವಳಿ ತುಂಬಿಸಿಕೊಂಡು ಮರಳುವ ರೂಢಿಗಿಂತ ಇದು ಭಿನ್ನವಾಗಿತ್ತು. ಅಧ್ಯಯನ ಮಾಡುವವರಿಗೂ ಅಧ್ಯಯನಕ್ಕೆ ಒಳಗಾಗುವವರಿಗೂ ನಡುವೆ ಬಾಧ್ಯತೆಯ ಸಂಬಂಧವೊಂದು ಇರಬೇಕೆಂಬ ನಂಬಿಕೆ ಅದರ ಹಿಂದೆ ಇತ್ತು.

ಗಣತಿಯ ಒಂದು ಪ್ರಶ್ನೆ

ಹೊಸ ಶಿಸ್ತೊಂದು ಏನನ್ನು ಸಾಧಿಸಬಲ್ಲದು ಎಂಬುದಕ್ಕೆ ಜನಗಣತಿಯ ವಿಚಾರಕ್ಕಿಂತ ಸ್ಪಷ್ಟವಾದ ನಿದರ್ಶನ ನನಗೆ ತಿಳಿದಿಲ್ಲ. ಆದ್ದರಿಂದ ಇದನ್ನು ಸ್ವಲ್ಪ ವಿವರವಾಗಿಯೇ ನೋಡಬೇಕು.

1961ರ ಗಣತಿಯ ಪ್ರಕಾರ ದೇಶದಲ್ಲಿ ಸುಮಾರು 5.9 ಕೋಟಿ ಮಹಿಳಾ ದುಡಿಮೆಗಾರರಿದ್ದರು. 1971ರ ಗಣತಿಯಲ್ಲಿ ಆ ಸಂಖ್ಯೆ ಸುಮಾರು 3.1 ಕೋಟಿ. ಜನಸಂಖ್ಯೆ ಏರುತ್ತಿದ್ದ ಹತ್ತು ವರ್ಷಗಳಲ್ಲಿ ದುಡಿಯುವ ಹೆಂಗಸರ ಸಂಖ್ಯೆ ಅರ್ಧದ ಸಮೀಪಕ್ಕೆ ಇಳಿಯಿತೆಂದರೆ, ಅಷ್ಟು ಹೆಂಗಸರು ಹೊಲಗದ್ದೆಗಳನ್ನು ಬಿಟ್ಟು ಮನೆಯಲ್ಲಿ ಕುಳಿತರೇ? ಮಹಿಳೆಯರ ದುಡಿಮೆಯ ಅವಕಾಶಗಳು ನಿಜವಾಗಿಯೂ ಕುಗ್ಗಿದ್ದವು, ಅದನ್ನು ಸ್ಥಾನಮಾನ ಸಮಿತಿಯೂ ಗುರುತಿಸಿತ್ತು. ಆದರೆ ಇಳಿಕೆಯ ದೊಡ್ಡ ಪಾಲು ಪ್ರಶ್ನೆ ಕೇಳಿದ ಬಗೆಯಲ್ಲಿತ್ತು. 1961ರಲ್ಲಿ ಹಂಗಾಮಿನ ಹೆಚ್ಚಿನ ಭಾಗದಲ್ಲಿ ದಿನಕ್ಕೆ ಒಂದು ಗಂಟೆಯಷ್ಟಾದರೂ ನಿಯತವಾಗಿ ದುಡಿದವರನ್ನು ದುಡಿಮೆಗಾರರೆಂದು ಎಣಿಸಲಾಗಿತ್ತು. 1971ರಲ್ಲಿ ಪ್ರತಿಯೊಬ್ಬರ 'ಮುಖ್ಯ ಚಟುವಟಿಕೆ' ಯಾವುದು ಎಂದು ಕೇಳಲಾಯಿತು. ಮುಖ್ಯ ಚಟುವಟಿಕೆ ಗೃಹಕೃತ್ಯ ಎಂದು ದಾಖಲಾದರೆ, ಅವಳು ಬೇರೆ ಏನೇ ಕೆಲಸ ಮಾಡುತ್ತಿದ್ದರೂ ದುಡಿಮೆಗಾರರ ಮುಖ್ಯ ಲೆಕ್ಕಕ್ಕೆ ಸೇರುತ್ತಿರಲಿಲ್ಲ.

ಮಂಡ್ಯದ ಕಡೆಯ ಒಂದು ಒಕ್ಕಲು ಮನೆಯನ್ನು ಊಹಿಸಿಕೊಳ್ಳೋಣ. ಗಣತಿದಾರ ಬಂದು ಜಗಲಿಯಲ್ಲಿ ಕುಳಿತು ಮನೆಯ ಯಜಮಾನನನ್ನು ಕೇಳುತ್ತಾನೆ: ನಿಮ್ಮ ಹೆಂಡತಿ ಏನು ಮಾಡುತ್ತಾರೆ? 'ಏನೂ ಇಲ್ಲ ಸ್ವಾಮಿ, ಮನೇಲೇ ಇರ್ತಾಳೆ' ಎಂಬ ಉತ್ತರ ಬರುತ್ತದೆ. ಆ ಹೊತ್ತಿಗೆ ಅವಳು ಕೊಟ್ಟಿಗೆ ಬಳಿದು, ಹಾಲು ಕರೆದು, ಹಿಟ್ಟು ತೊಳೆಸಿ, ಗದ್ದೆಯಲ್ಲಿ ಕಳೆ ಕೀಳುತ್ತಿರುತ್ತಾಳೆ. ಸಂಜೆ ಹುಲ್ಲಿನ ಹೊರೆ ಹೊತ್ತು ಬರುತ್ತಾಳೆ. ನಾಟಿಯ ಕಾಲದಲ್ಲಿ ಮುಯ್ಯಾಳಾಗಿ ಬೇರೆಯವರ ಗದ್ದೆಗೂ ಹೋಗುತ್ತಾಳೆ. ಗಣತಿದಾರ ಗೃಹಕೃತ್ಯ ಎಂದು ಗುರುತು ಹಾಕಿ ಮುಂದಿನ ಮನೆಗೆ ಹೋಗುತ್ತಾನೆ. ಯಜಮಾನ ಸುಳ್ಳು ಹೇಳಲಿಲ್ಲ, ಗಣತಿದಾರ ಕರ್ತವ್ಯ ತಪ್ಪಲಿಲ್ಲ, ಅವಳೇ ಎದುರಿಗಿದ್ದರೂ ಬಹುಶಃ ಅದೇ ಉತ್ತರ ಕೊಡುತ್ತಿದ್ದಳು. ಆದರೂ ಅವಳ ದುಡಿಮೆ ರಾಷ್ಟ್ರದ ಲೆಕ್ಕದಿಂದ ಹೊರಗುಳಿಯಿತು. ಲೆಕ್ಕದಲ್ಲಿ ಇಲ್ಲದವಳಿಗೆ ಕೃಷಿ ತರಬೇತಿ, ಸಾಲ, ಕೂಲಿಯ ಕಾನೂನು ಯಾವುದರಲ್ಲೂ ಪಾಲು ಸಿಗುವುದಿಲ್ಲ.

ಇಂತಹ ಲೆಕ್ಕದ ಹಿಂದೆ ಹೋದವರಲ್ಲಿ ಮೈಸೂರಿನಲ್ಲಿ ಹುಟ್ಟಿದ ಅರ್ಥಶಾಸ್ತ್ರಜ್ಞೆ ದೇವಕಿ ಜೈನ್ ಪ್ರಮುಖರು. 1970ರ ದಶಕದಲ್ಲಿ ಅವರು ಸಹಸಂಶೋಧಕರೊಂದಿಗೆ ರಾಜಸ್ಥಾನ ಮತ್ತು ಪಶ್ಚಿಮ ಬಂಗಾಳದ ಆರು ಹಳ್ಳಿಗಳಲ್ಲಿ ಗಂಡಸರು, ಹೆಂಗಸರು, ಮಕ್ಕಳು ದಿನದ ಯಾವ ಹೊತ್ತನ್ನು ಯಾವ ಕೆಲಸಕ್ಕೆ ವಿನಿಯೋಗಿಸುತ್ತಾರೆ ಎಂಬುದನ್ನು ದಾಖಲಿಸುವ ಅಧ್ಯಯನ ಕೈಗೊಂಡರು. ಕೆಲಸ ಏನು ಎಂದು ಕೇಳುವ ಬದಲು ದಿನ ಹೇಗೆ ಕಳೆಯಿತು ಎಂದು ನೋಡಿದ ಕೂಡಲೇ, ಅಧಿಕೃತ ಅಂಕಿಅಂಶಗಳು ಬಿಟ್ಟುಬಿಟ್ಟಿದ್ದ ಹೆಂಗಸರ ದುಡಿಮೆ ಕಾಣಿಸಿಕೊಂಡಿತು. ಎಸ್‌ಎನ್‌ಡಿಟಿಯಲ್ಲಿ ಮೈತ್ರೇಯಿ ಕೃಷ್ಣರಾಜ್ ಅವರೂ ಗಣತಿಯ ವ್ಯಾಖ್ಯೆಗಳನ್ನು ಬೆನ್ನುಹತ್ತಿದರು. ಸಂಶೋಧಕಿಯರು, ಮಹಿಳಾ ಸಂಘಟನೆಗಳು ಮತ್ತು ಅಂತರರಾಷ್ಟ್ರೀಯ ಸಂಸ್ಥೆಗಳು ಸೇರಿ ಗಣತಿ ಇಲಾಖೆಯ ಮುಂದೆ ವಾದ ಮಂಡಿಸಿದ ಫಲವಾಗಿ, 1991ರ ಗಣತಿಯ ನಮೂನೆಯಲ್ಲಿ ದುಡಿಮೆಯ ಪ್ರಶ್ನೆಯ ಜೊತೆಗೆ 'ಸ್ವಂತ ಹೊಲದಲ್ಲಿ ಅಥವಾ ಮನೆಯ ಉದ್ದಿಮೆಯಲ್ಲಿ ಕೂಲಿಯಿಲ್ಲದೆ ಮಾಡಿದ ಕೆಲಸವೂ ಸೇರಿದಂತೆ' ಎಂಬ ಆಶಯದ ಸೂಚನೆ ಅಚ್ಚಾಯಿತು. ದುಡಿಮೆಯಲ್ಲಿ ಮಹಿಳೆಯರ ಪಾಲ್ಗೊಳ್ಳುವಿಕೆಯ ದರ 1971ರಲ್ಲಿ ಶೇ. 14ರ ಆಸುಪಾಸಿನಲ್ಲಿತ್ತು. 1981ರಲ್ಲಿ ವರ್ಷದ ಸ್ವಲ್ಪ ಭಾಗ ಮಾತ್ರ ದುಡಿದವರನ್ನೂ ಎಣಿಸಲಾರಂಭಿಸಿದ ಮೇಲೆ ಶೇ. 20ರ ಸಮೀಪಕ್ಕೆ ಬಂತು, 1991ರಲ್ಲಿ ಶೇ. 22ನ್ನು ದಾಟಿತು. ಈ ಏರಿಕೆಯೆಲ್ಲವೂ ಪ್ರಶ್ನೆ ಬದಲಾದದ್ದರಿಂದಲೇ ಬಂತೆಂದು ಹೇಳಲಾಗದು. ಆದರೆ ವಿಶ್ವವಿದ್ಯಾಲಯದ ಒಂದು ಮೂಲೆಯಲ್ಲಿ ಕುಳಿತು ವ್ಯಾಖ್ಯೆಯೊಂದನ್ನು ಪ್ರಶ್ನಿಸಿದ ಕೆಲಸ, ದೇಶದ ಪ್ರತಿಯೊಂದು ಮನೆಯ ಬಾಗಿಲಿಗೆ ಹೋಗುವ ನಮೂನೆಯೊಳಗೆ ಅಕ್ಷರವಾಗಿ ಇಳಿಯಿತು. ಯಾವ ಹಳೆಯ ಶಿಸ್ತಿನ ಸಾಧನೆಯ ಪಕ್ಕದಲ್ಲಾದರೂ ಇದನ್ನು ತಲೆಯೆತ್ತಿ ಇಡಬಹುದು.

ವಿಭಾಗವೋ, ದೃಷ್ಟಿಕೋನವೋ

1981ರ ಏಪ್ರಿಲ್‌ನಲ್ಲಿ ಮೊದಲ ರಾಷ್ಟ್ರೀಯ ಮಹಿಳಾ ಅಧ್ಯಯನ ಸಮ್ಮೇಳನ ಎಸ್‌ಎನ್‌ಡಿಟಿಯಲ್ಲೇ ನಡೆಯಿತು. ಅದರ ಫಲವಾಗಿ 1982ರಲ್ಲಿ ಭಾರತೀಯ ಮಹಿಳಾ ಅಧ್ಯಯನ ಸಂಘ ರೂಪುಗೊಂಡಿತು. ಆ ಕಾಲದ ವಾತಾವರಣವನ್ನು ಮರೆಯಬಾರದು. ಮಥುರಾ ಎಂಬ ಆದಿವಾಸಿ ಹುಡುಗಿಯ ಮೇಲಿನ ಅತ್ಯಾಚಾರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆರೋಪಿ ಪೊಲೀಸರನ್ನು ಬಿಡುಗಡೆ ಮಾಡಿದ ತೀರ್ಪಿನ ವಿರುದ್ಧ 1979ರಲ್ಲಿ ಉಪೇಂದ್ರ ಬಕ್ಷಿ, ಲೋತಿಕಾ ಸರ್ಕಾರ್, ರಘುನಾಥ ಕೇಳ್ಕರ್ ಮತ್ತು ವಸುಧಾ ಧಗಂವಾರ್ ಅವರು ಮುಖ್ಯ ನ್ಯಾಯಮೂರ್ತಿಗಳಿಗೆ ಬಹಿರಂಗ ಪತ್ರ ಬರೆದಿದ್ದರು. ಅವರು ವಿಶ್ವವಿದ್ಯಾಲಯದ ಕಾನೂನು ಅಧ್ಯಾಪಕರಾಗಿದ್ದುದು ಗಮನಾರ್ಹ. ಆ ಪತ್ರ ಬೀದಿಯ ಚಳವಳಿಯಾಗಿ ಹಬ್ಬಿ, 1983ರಲ್ಲಿ ಕಾನೂನಿನ ತಿದ್ದುಪಡಿಗೂ ದಾರಿ ಮಾಡಿತು. ಹೀಗೆ ತರಗತಿ, ನ್ಯಾಯಾಲಯ ಮತ್ತು ಬೀದಿ ಒಂದಕ್ಕೊಂದು ಹತ್ತಿರವಿದ್ದ ಹೊತ್ತಿನಲ್ಲಿ ಸಮ್ಮೇಳನ ಸೇರಿತು.

ಮಹಿಳಾ ಅಧ್ಯಯನ ಪ್ರತ್ಯೇಕ ವಿಭಾಗವಾಗಬೇಕೇ, ಅಥವಾ ಇತಿಹಾಸ, ಅರ್ಥಶಾಸ್ತ್ರ, ಕಾನೂನು, ಸಾಹಿತ್ಯ, ವೈದ್ಯವಿಜ್ಞಾನ ಎಲ್ಲವನ್ನೂ ಒಳಗಿನಿಂದ ಬದಲಿಸುವ ದೃಷ್ಟಿಕೋನವಾಗಿ ಉಳಿಯಬೇಕೇ ಎಂಬುದು ಆ ಪೀಳಿಗೆಯನ್ನು ಕಾಡಿದ ಚರ್ಚೆ. ಹಿರಿಯರಲ್ಲಿ ಹೆಚ್ಚಿನವರು ದೃಷ್ಟಿಕೋನದ ಪಕ್ಷ ವಹಿಸಿದರು. ಪ್ರತ್ಯೇಕ ವಿಭಾಗ ಮಾಡಿದರೆ ಮಹಿಳೆಯ ಪ್ರಶ್ನೆಯನ್ನು ಒಂದು ಕೋಣೆಗೆ ತಳ್ಳಿ ಉಳಿದ ವಿಭಾಗಗಳು ನಿರಾಳವಾಗುತ್ತವೆ ಎಂಬುದು ಅವರ ಆತಂಕ. ಅದು ಬರಿಯ ಊಹೆಯಾಗಿರಲಿಲ್ಲ, ಗೃಹವಿಜ್ಞಾನ ಹೆಣ್ಣುಮಕ್ಕಳ ವಿಷಯವೆಂದು ಬೇರೆಯಾಗಿ ಉಳಿದದ್ದನ್ನು ಅವರು ಕಣ್ಣಾರೆ ಕಂಡಿದ್ದರು. ಹೀಗಾಗಿ ಎಸ್‌ಎನ್‌ಡಿಟಿಯ ಘಟಕ ವಿಭಾಗವಾಗುವ ಬದಲು ಸಂಶೋಧನಾ ಕೇಂದ್ರವಾಯಿತು. ಯಾವ ನಿಕಾಯಕ್ಕೂ ಕಟ್ಟುಬೀಳದೆ ಎಲ್ಲರೊಡನೆ ಮಾತಾಡುವ ಸ್ವಾತಂತ್ರ್ಯ ಅದಕ್ಕೆ ದಕ್ಕಿತು. ಗಣತಿಯಂತಹ ಕೆಲಸ ಸಾಧ್ಯವಾದದ್ದು ಆ ಸ್ವಾತಂತ್ರ್ಯದಿಂದಲೇ. ಕೇಂದ್ರದ ಸುತ್ತ ಹುಟ್ಟಿದ ಗೆಳೆತನಗಳು ಬೇರೆ ಸಂಸ್ಥೆಗಳಾಗಿಯೂ ಕುಡಿಯೊಡೆದವು. 1988ರಲ್ಲಿ ಲೇಖಕಿ ಸಿ. ಎಸ್. ಲಕ್ಷ್ಮಿ ಅವರು ನೀರಾ ದೇಸಾಯಿ ಮತ್ತು ಮೈತ್ರೇಯಿ ಕೃಷ್ಣರಾಜ್ ಅವರೊಡಗೂಡಿ ಮಹಿಳೆಯರ ಧ್ವನಿ ಮತ್ತು ಚಿತ್ರಗಳ ದಾಖಲೆ ಸಂಗ್ರಹಿಸುವ 'ಸ್ಪ್ಯಾರೋ' ಸಂಸ್ಥೆಯನ್ನು ಮುಂಬಯಿಯಲ್ಲಿ ಸ್ಥಾಪಿಸಿದರು.

ಜ್ಞಾನದ ದೃಷ್ಟಿಯಿಂದ ಆ ಆಯ್ಕೆ ಸರಿಯಾಗಿತ್ತು. ವಿಶ್ವವಿದ್ಯಾಲಯದ ಆಡಳಿತದ ದೃಷ್ಟಿಯಿಂದ ಅದರಲ್ಲಿ ಒಂದು ತೊಡಕಿತ್ತು. ವಿಶ್ವವಿದ್ಯಾಲಯಕ್ಕೆ ದೃಷ್ಟಿಕೋನಗಳನ್ನು ನೇಮಿಸಿಕೊಳ್ಳಲು ಬರುವುದಿಲ್ಲ, ಅದು ನೇಮಿಸಿಕೊಳ್ಳುವುದು ವಿಭಾಗಗಳಿಗೆ. ಮಂಜೂರಾದ ಹುದ್ದೆ, ಅಧ್ಯಯನ ಮಂಡಳಿ, ವೇತನದ ಲೆಕ್ಕ ಶೀರ್ಷಿಕೆ (ಬಜೆಟ್ಟಿನಲ್ಲಿ ಸಂಬಳಕ್ಕೆಂದೇ ಇರುವ ಖಾತೆ) ಇವು ಇಲ್ಲದ ಕಡೆ ಎಷ್ಟೇ ದೊಡ್ಡ ಚಿಂತನೆಯಾದರೂ ವರ್ಷ ವರ್ಷವೂ ಅನುಮತಿಗಾಗಿ ಕಾಯಬೇಕಾಗುತ್ತದೆ.

ಅನುದಾನದ ಕಾಲ

ಎಸ್‌ಎನ್‌ಡಿಟಿಯ ಕುಲಪತಿಯಾಗಿದ್ದ ಮಾಧುರಿ ಶಾ ಅವರು 1981ರಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗದ ಅಧ್ಯಕ್ಷೆಯಾದರು. ಆ ಸ್ಥಾನಕ್ಕೇರಿದ ಮೊದಲ ಮಹಿಳೆ ಅವರು. ಈ ಶಿಸ್ತು ಹುಟ್ಟಿದ ಆವರಣವನ್ನು ಒಳಗಿನಿಂದ ಬಲ್ಲವರೊಬ್ಬರು ದೆಹಲಿಯಲ್ಲಿ ನಿರ್ಧಾರ ಕೈಗೊಳ್ಳುವ ಕುರ್ಚಿಯಲ್ಲಿದ್ದುದು ಮುಂದಿನ ಬೆಳವಣಿಗೆಗೆ ನೆರವಾಯಿತೆಂದು ಭಾವಿಸಲು ಸಾಕಷ್ಟು ಆಧಾರವಿದೆ. ಎಸ್‌ಎನ್‌ಡಿಟಿಯ ಕೇಂದ್ರಕ್ಕೆ ಆಯೋಗದ ಮಾನ್ಯತೆ ದೊರೆಯಿತು. 1986ರ ರಾಷ್ಟ್ರೀಯ ಶಿಕ್ಷಣ ನೀತಿ ಮಹಿಳಾ ಸಮಾನತೆಗಾಗಿ ಶಿಕ್ಷಣ ಎಂಬ ಭಾಗದಲ್ಲಿ ಮಹಿಳಾ ಅಧ್ಯಯನವನ್ನು ವಿವಿಧ ಪಠ್ಯಕ್ರಮಗಳ ಅಂಗವಾಗಿ ಪ್ರೋತ್ಸಾಹಿಸಬೇಕೆಂದಿತು. ಅದೇ ವರ್ಷ ಆಯೋಗ ಮಾರ್ಗಸೂಚಿಗಳನ್ನು ಹೊರಡಿಸಿತು. 1987ರಲ್ಲಿ ದೆಹಲಿ, ಬನಾರಸ್ ಹಿಂದೂ, ಪಂಜಾಬ್ ಮತ್ತು ಕೇರಳ ವಿಶ್ವವಿದ್ಯಾಲಯಗಳಲ್ಲಿ ಆಯೋಗದ ನೆರವಿನ ಮೊದಲ ನಾಲ್ಕು ಕೇಂದ್ರಗಳು ಆರಂಭವಾದವು. 11ನೇ ಪಂಚವಾರ್ಷಿಕ ಯೋಜನೆ ಮುಗಿಯುವ ಹೊತ್ತಿಗೆ ಅಂತಹ ಕೇಂದ್ರಗಳ ಸಂಖ್ಯೆ 150ನ್ನು ದಾಟಿತ್ತು.

ಈ ವಿಸ್ತಾರದ ಜೊತೆಯಲ್ಲೇ ಅದರ ದೌರ್ಬಲ್ಯವೂ ಬೆಳೆಯಿತು. ಕೇಂದ್ರಗಳಿಗೆ ಹಣ ಬರುತ್ತಿದ್ದುದು ಪಂಚವಾರ್ಷಿಕ ಯೋಜನೆಯ ಲೆಕ್ಕದಲ್ಲಿ. ಯೋಜನೆ ಮುಗಿದಾಗಲೆಲ್ಲ ಮರುಪರಿಶೀಲನೆ, ಮರುಮಂಜೂರಾತಿ. ಯೋಜನಾವಧಿಯ ನಂತರ ಹುದ್ದೆಗಳನ್ನು ವಿಶ್ವವಿದ್ಯಾಲಯ ಅಥವಾ ರಾಜ್ಯ ಸರ್ಕಾರ ವಹಿಸಿಕೊಳ್ಳಬೇಕೆಂಬ ನಿರೀಕ್ಷೆ ಇತ್ತಾದರೂ, ಬಹಳಷ್ಟು ಕಡೆ ಆ ಮಾತು ಕಡತದಿಂದ ಆಚೆ ಬರಲಿಲ್ಲ. ಬೇರೆ ವಿಭಾಗದ ಪ್ರಾಧ್ಯಾಪಕರಿಗೆ ನಿರ್ದೇಶಕರ ಹೆಚ್ಚುವರಿ ಹೊಣೆ ವಹಿಸಿ, ಒಬ್ಬಿಬ್ಬರು ಸಂಶೋಧನಾ ಸಹಾಯಕರನ್ನು ಗುತ್ತಿಗೆಯ ಮೇಲೆ ಇಟ್ಟುಕೊಂಡು, ಮಾರ್ಚ್ 8ರಂದು ಕಾರ್ಯಕ್ರಮ ನಡೆಸುವಷ್ಟಕ್ಕೆ ಎಷ್ಟೋ ಕೇಂದ್ರಗಳು ಸೀಮಿತವಾದವು. ಬೋಧನೆ, ಸಂಶೋಧನೆ, ವಿಸ್ತರಣೆ ಮೂರನ್ನೂ ಮಾಡಬೇಕೆಂದು ಮಾರ್ಗಸೂಚಿ ಹೇಳಿತು, ಆದರೆ ಮೂರನ್ನೂ ಮಾಡುವಷ್ಟು ಜನರನ್ನು ಕೊಡಲಿಲ್ಲ. ಉದ್ವಾಡದಲ್ಲಿ ಎಸ್‌ಎನ್‌ಡಿಟಿ ಮಾಡಿದಂತಹ ದೀರ್ಘಕಾಲದ ಕ್ಷೇತ್ರಕಾರ್ಯ ಅನುದಾನ ಖರ್ಚಾಯಿತೆಂದು ತೋರಿಸುವ ವರ್ಷಾಂತ್ಯದ ಬಳಕೆ ಪ್ರಮಾಣಪತ್ರದ ಚೌಕಟ್ಟಿನಲ್ಲಿ ಬದುಕುವಂಥದ್ದಲ್ಲ.

2003ರಲ್ಲಿ ಆಯೋಗ ಈ ಕೇಂದ್ರಗಳನ್ನು ಮಹಿಳಾ ಮತ್ತು ಕುಟುಂಬ ಅಧ್ಯಯನ ಕೇಂದ್ರಗಳೆಂದು ಮರುನಾಮಕರಣ ಮಾಡಲು ಹೊರಟಿತು. ಮಹಿಳೆಯನ್ನು ಕುಟುಂಬದ ಅಧ್ಯಾಯದಿಂದ ಹೊರತರಲು ನೀರಾ ದೇಸಾಯಿಯವರ ಪೀಳಿಗೆ ಪಟ್ಟ ಶ್ರಮವನ್ನು ಬಲ್ಲವರಿಗೆ ಇದು ಹಿಂದಕ್ಕೆ ಇಟ್ಟ ಹೆಜ್ಜೆಯಾಗಿ ಕಂಡದ್ದು ನ್ಯಾಯವೇ. ಮಹಿಳಾ ಅಧ್ಯಯನ ಸಂಘ ದೇಶದಾದ್ಯಂತ ವಿರೋಧವನ್ನು ಸಂಘಟಿಸಿತು, ಪ್ರಸ್ತಾವ ಹಿಂದೆ ಸರಿಯಿತು. 2017ರಲ್ಲಿ 12ನೇ ಯೋಜನಾವಧಿ ಮುಗಿದಾಗ ಎದುರಾದ ಸಂಕಟ ಇದಕ್ಕಿಂತ ಆಳವಾದದ್ದು. ಪಂಚವಾರ್ಷಿಕ ಯೋಜನೆಯ ಪದ್ಧತಿಯೇ ಕೊನೆಗೊಂಡಿದ್ದರಿಂದ ಕೇಂದ್ರಗಳ ನೆರವು ಮುಂದುವರಿಯುವುದೋ ಇಲ್ಲವೋ ಎಂಬ ಅನಿಶ್ಚಿತತೆ ತಲೆದೋರಿತು. ಅಲ್ಪಾವಧಿಯ ವಿಸ್ತರಣೆಗಳ ಆದೇಶಗಳು ಬರುತ್ತಾ ಹೋದವು. ಹಲವು ವರ್ಷ ದುಡಿದ ಅಧ್ಯಾಪಕಿಯರು ಮುಂದಿನ ತಿಂಗಳ ಸಂಬಳದ ಚಿಂತೆಯಲ್ಲಿ ಪಾಠ ಮಾಡಬೇಕಾಯಿತು. ಹೆಸರು ಬದಲಿಸುವುದನ್ನು ಚಳವಳಿ ತಡೆಯಬಲ್ಲದು, ಲೆಕ್ಕ ಶೀರ್ಷಿಕೆ ಇಲ್ಲದಿರುವುದನ್ನು ಚಳವಳಿಯೊಂದೇ ಸರಿಪಡಿಸಲಾರದು.

ಯಾವ ಮಹಿಳೆಯ ಅಧ್ಯಯನ

ಈ ಪ್ರಕರಣದ ಇನ್ನೊಂದು ಮಗ್ಗುಲನ್ನು ಬಿಟ್ಟರೆ ಚಿತ್ರ ಪೂರ್ಣವಾಗುವುದಿಲ್ಲ. ಎಸ್‌ಎನ್‌ಡಿಟಿ ಮತ್ತು ದೆಹಲಿಯ ಮೊದಲ ಪೀಳಿಗೆಯವರಲ್ಲಿ ಹೆಚ್ಚಿನವರು ನಗರದ, ಮೇಲ್ಜಾತಿಯ, ಇಂಗ್ಲಿಷ್ ಬಲ್ಲ ಮಹಿಳೆಯರು. ಬಡ ಮಹಿಳೆಯ ದುಡಿಮೆಯನ್ನು ಅವರು ಪ್ರಾಮಾಣಿಕವಾಗಿ ಕಂಡರು, ಆದರೆ ಆ ದುಡಿಮೆಯ ಹಿಂದಿದ್ದ ಜಾತಿಯನ್ನು ಅಷ್ಟೇ ತೀಕ್ಷ್ಣವಾಗಿ ಕಾಣಲಿಲ್ಲ. ಹಿಂದುಳಿದ ವರ್ಗಗಳ ಮೀಸಲಾತಿಯ ಮಂಡಲ್ ವರದಿ ಕುರಿತ 1990ರ ಗದ್ದಲ, 1995ರಲ್ಲಿ ರಾಷ್ಟ್ರೀಯ ದಲಿತ ಮಹಿಳಾ ಒಕ್ಕೂಟದ ಸ್ಥಾಪನೆ, ದಲಿತ ಮಹಿಳೆಯರು ಬೇರೆಯಾಗಿ ಮಾತಾಡುವುದು ಏಕೆ ಅನಿವಾರ್ಯ ಎಂಬ ರಾಜ್ಯಶಾಸ್ತ್ರಜ್ಞ ಗೋಪಾಲ್ ಗುರು ಅವರ ವಾದ, ಇವು ಶಿಸ್ತಿನ ಬುಡವನ್ನೇ ಅಲುಗಾಡಿಸಿದವು. ಪುಣೆ ವಿಶ್ವವಿದ್ಯಾಲಯದ ಸಾವಿತ್ರಿಬಾಯಿ ಫುಲೆ ಮಹಿಳಾ ಅಧ್ಯಯನ ಕೇಂದ್ರದಲ್ಲಿ ಶರ್ಮಿಳಾ ರೇಗೆ (1964–2013) ಈ ಪ್ರಶ್ನೆಯನ್ನು ಪಠ್ಯಕ್ರಮದೊಳಕ್ಕೆ ತಂದರು. ದಲಿತ ಮಹಿಳೆಯರ ಮರಾಠಿ ಆತ್ಮಕಥನಗಳನ್ನು ಸಾಕ್ಷ್ಯವಾಗಿ ಓದಿಸಿದರು, ಫುಲೆ ಮತ್ತು ಅಂಬೇಡ್ಕರ್ ಅವರನ್ನು ಮಹಿಳಾ ಚಿಂತನೆಯ ಮೂಲಪುರುಷರ ಸಾಲಿನಲ್ಲಿಟ್ಟರು, ಇಂಗ್ಲಿಷಿನಲ್ಲಿ ತಡವರಿಸುವ ವಿದ್ಯಾರ್ಥಿಗಳಿಗಾಗಿ ತರಗತಿಯ ಭಾಷೆಯನ್ನೇ ಬದಲಿಸಿದರು. ಎಸ್‌ಎನ್‌ಡಿಟಿ ನೆಲೆ ಹಾಕಿಕೊಟ್ಟರೆ ಪುಣೆ ಅದರ ದಿಕ್ಕನ್ನು ತಿದ್ದಿತು. ಈ ತಿದ್ದುಪಡಿಯನ್ನು ಸೇರಿಸಿಕೊಂಡೇ ಶಿಸ್ತಿನ ಬೆಳವಣಿಗೆಯನ್ನು ಅಳೆಯಬೇಕು.

ಕರ್ನಾಟಕದ ಕೊಂಡಿ

ಮೈಸೂರಿನಲ್ಲಿ ಕನ್ನಡ ಅಧ್ಯಾಪಕಿ ವಿಜಯಾ ದಬ್ಬೆ ಮತ್ತು ಸಂಗಾತಿಗಳು 1970ರ ದಶಕದ ಕೊನೆಯಲ್ಲಿ 'ಸಮತಾ ವೇದಿಕೆ'ಯನ್ನು ಕಟ್ಟಿದಾಗ ನಮ್ಮಲ್ಲಿ ಮಹಿಳಾ ಅಧ್ಯಯನ ಎಂಬ ಹೆಸರಿನ ವಿಭಾಗಗಳು ಇರಲಿಲ್ಲ. ಕನ್ನಡ ಸಾಹಿತ್ಯದ ತರಗತಿ, ವರದಕ್ಷಿಣೆ ವಿರೋಧಿ ಹೋರಾಟ ಮತ್ತು ಬೀದಿ ನಾಟಕಗಳ ನಡುವೆ ಆ ಚಿಂತನೆ ಬೆಳೆಯಿತು. 1993ರಲ್ಲಿ ಮಹಿಳಾ ಅಧ್ಯಯನ ಸಂಘದ ರಾಷ್ಟ್ರೀಯ ಸಮ್ಮೇಳನ ಮೈಸೂರಿನಲ್ಲಿ ನಡೆದದ್ದು ಇಲ್ಲಿನವರನ್ನು ಅಖಿಲ ಭಾರತದ ಚರ್ಚೆಗೆ ಜೋಡಿಸಿತು. ಎಸ್‌ಎನ್‌ಡಿಟಿಯ ಕಡೆಯಿಂದಲೂ ಒಂದು ಕೊಂಡಿ ಉಂಟು. ಮುಂದೆ ಅಲ್ಲಿನ ಕೇಂದ್ರದ ನಿರ್ದೇಶಕಿಯಾದ ವೀಣಾ ಪೂಣಚ್ಚ ಅವರು ಕೊಡವ ಮಹಿಳೆ ಮೂವರ ಬದುಕನ್ನು ಆಧರಿಸಿ ಕೊಡಗಿನ ಸಾಮಾಜಿಕ ಚರಿತ್ರೆಯನ್ನು ಬರೆದರು. ನಂತರದ ವರ್ಷಗಳಲ್ಲಿ ಮೈಸೂರು, ಬೆಂಗಳೂರು, ಮಂಗಳೂರು, ಗುಲಬರ್ಗಾ ವಿಶ್ವವಿದ್ಯಾಲಯಗಳಲ್ಲೂ ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲೂ ಮಹಿಳಾ ಅಧ್ಯಯನ ನೆಲೆಯೂರಿತು. 2003ರಲ್ಲಿ ವಿಜಯಪುರದಲ್ಲಿ ರಾಜ್ಯದ ಮಹಿಳಾ ವಿಶ್ವವಿದ್ಯಾಲಯ ಸ್ಥಾಪನೆಯಾಯಿತು. 2017ರಲ್ಲಿ ಅದಕ್ಕೆ ಅಕ್ಕಮಹಾದೇವಿಯ ಹೆಸರಿಡಲಾಯಿತು.

ಹಂಪಿಯ ಪ್ರಯತ್ನಕ್ಕೆ ಪ್ರತ್ಯೇಕ ಗಮನ ಸಲ್ಲಬೇಕು. ಅಲ್ಲಿ ಈ ಶಿಸ್ತನ್ನು ಕನ್ನಡದಲ್ಲೇ ಯೋಚಿಸುವ, ಬರೆಯುವ ಕೆಲಸ ನಡೆಯಿತು. ವಚನಕಾರ್ತಿಯರನ್ನು, ಜನಪದ ಮಹಾಕಾವ್ಯಗಳ ಹೆಣ್ಣುಗಳನ್ನು, ದೇವದಾಸಿ ಪದ್ಧತಿಯನ್ನು, ಬೀಡಿ ಕಟ್ಟುವ ಮತ್ತು ತೋಟಗಳಲ್ಲಿ ದುಡಿಯುವ ಹೆಂಗಸರನ್ನು ಕುರಿತು ಓದಬೇಕಾದ ವಿದ್ಯಾರ್ಥಿನಿಗೆ ಆಧಾರಗಳು ಸಿಗುವುದು ಕನ್ನಡದಲ್ಲಿ, ತುಳುವಿನಲ್ಲಿ, ಕೊಡವದಲ್ಲಿ. ಆದರೆ ನೆಟ್ ಪರೀಕ್ಷೆಯ ಪಠ್ಯಕ್ರಮ ಅವಳಿಂದ ಕೇಳುವುದು ಬಹುತೇಕ ಇಂಗ್ಲಿಷಿನಲ್ಲಿ ಲಭ್ಯವಿರುವ ಸಿದ್ಧಾಂತಗಳನ್ನು. ಈ ಎರಡನ್ನೂ ಬೆಸೆಯುವ ಪಠ್ಯಗಳನ್ನು ಬರೆಯಬೇಕಾದವರು ಖಾಯಂ ಅಧ್ಯಾಪಕರು. ಸೆಮಿಸ್ಟರ್ ಮುಗಿದ ಮೇಲೆ ಮುಂದೇನು ಎಂದು ತಿಳಿಯದ ಅತಿಥಿ ಉಪನ್ಯಾಸಕಿಯಿಂದ ಅದನ್ನು ನಿರೀಕ್ಷಿಸುವುದು ಅನ್ಯಾಯ.

ನೇಮಕಾತಿಯ ನಿಯಮಗಳಲ್ಲಿರುವ ಅಸಮತೋಲನವನ್ನೂ ಇಲ್ಲಿ ಹೇಳಬೇಕು. ಮಹಿಳಾ ಅಧ್ಯಯನದ ಹುದ್ದೆಗೆ ಸಮಾಜಶಾಸ್ತ್ರ, ಇತಿಹಾಸ, ಅರ್ಥಶಾಸ್ತ್ರದವರು ಸಂಬಂಧಿತ ವಿಷಯದವರೆಂದು ಅರ್ಹರಾಗುತ್ತಾರೆ. ಮಹಿಳಾ ಅಧ್ಯಯನದಲ್ಲೇ ಸ್ನಾತಕೋತ್ತರ ಪದವಿ ಪಡೆದು ನೆಟ್ ತೇರ್ಗಡೆಯಾದವರನ್ನು ಸಮಾಜಶಾಸ್ತ್ರದ ಹುದ್ದೆಗೆ ಸಾಮಾನ್ಯವಾಗಿ ಪರಿಗಣಿಸುವುದಿಲ್ಲ. ಬಾಗಿಲು ಒಂದೇ ಕಡೆಗೆ ತೆರೆಯುತ್ತದೆ. ಪ್ರಥಮ ದರ್ಜೆ ಕಾಲೇಜುಗಳಲ್ಲಿ ಈ ವಿಷಯಕ್ಕೆ ಹುದ್ದೆಗಳು ವಿರಳವಾದ್ದರಿಂದ, ವಿಶ್ವವಿದ್ಯಾಲಯದಲ್ಲಿ ಪದವಿ ಪಡೆದವರು ಸ್ವಯಂಸೇವಾ ಸಂಸ್ಥೆಗಳ ಯೋಜನೆಗಳಲ್ಲೋ ಇಲಾಖೆಗಳ ಗುತ್ತಿಗೆ ಕೆಲಸಗಳಲ್ಲೋ ಸೇರಿಕೊಳ್ಳುತ್ತಾರೆ. ಇದನ್ನು ಕಂಡ ಕಿರಿಯ ವಿದ್ಯಾರ್ಥಿನಿಯರು ಸೇರ್ಪಡೆಗೆ ಹಿಂಜರಿಯುತ್ತಾರೆ. ಸೇರ್ಪಡೆ ಕಡಿಮೆಯಾದದ್ದನ್ನೇ ಕಾರಣವಾಗಿ ತೋರಿಸಿ ಹುದ್ದೆ ತುಂಬುವುದನ್ನು ಮುಂದೂಡಲಾಗುತ್ತದೆ.

ಎಸ್‌ಎನ್‌ಡಿಟಿಯ ಪ್ರಕರಣವನ್ನು ಇಟ್ಟುಕೊಂಡು ನೋಡಿದರೆ ಈ ಸುತ್ತು ಎಲ್ಲಿ ಕಡಿಯಬಹುದು ಎಂಬುದು ಕಾಣುತ್ತದೆ. ಅಲ್ಲಿ ಕೆಲಸ ಗಟ್ಟಿಯಾಗಿ ನಿಂತದ್ದು, ಕೆಲಸದ ಭದ್ರತೆಯಿದ್ದ ಅಧ್ಯಾಪಕಿಯರು ದಶಕಗಟ್ಟಲೆ ಒಂದೇ ಕಡೆ ಉಳಿದು ಒಂದೇ ಪ್ರಶ್ನೆಯನ್ನು ಬೆನ್ನುಹತ್ತಿದಾಗ. 1954ರಲ್ಲಿ ಸೇರಿದವರು 1974ರಲ್ಲಿ ಘಟಕ ತೆರೆದರು. 1970ರ ದಶಕದಲ್ಲಿ ಎತ್ತಿದ ಪ್ರಶ್ನೆಗೆ 1991ರ ಗಣತಿಯಲ್ಲಿ ಉತ್ತರ ಸಿಕ್ಕಿತು. ಕರ್ನಾಟಕದ ವಿಶ್ವವಿದ್ಯಾಲಯಗಳಲ್ಲಿ ಈಗ ಇರುವ ಮಹಿಳಾ ಅಧ್ಯಯನ ಕೇಂದ್ರಗಳಿಗೆ ರಾಜ್ಯದ ಸ್ವಂತ ವೇತನ ಲೆಕ್ಕದಲ್ಲಿ ಖಾಯಂ ಹುದ್ದೆಗಳನ್ನು ಮಂಜೂರು ಮಾಡುವುದು, ಸಮಾಜವಿಜ್ಞಾನದ ಹುದ್ದೆಗಳಿಗೆ ಮಹಿಳಾ ಅಧ್ಯಯನದ ಪದವೀಧರರನ್ನು ಅರ್ಹರೆಂದು ಒಪ್ಪುವಂತೆ ನೇಮಕಾತಿ ನಿಯಮ ತಿದ್ದುವುದು, ಇವೆರಡೂ ರಾಜ್ಯದ ಉನ್ನತ ಶಿಕ್ಷಣ ಇಲಾಖೆ ಮತ್ತು ವಿಶ್ವವಿದ್ಯಾಲಯಗಳ ಸಿಂಡಿಕೇಟ್‌ಗಳು ಮನಸ್ಸು ಮಾಡಿದರೆ ಕೈಗೆತ್ತಿಕೊಳ್ಳಬಹುದಾದ ಕೆಲಸಗಳು. ಹೊಸ ಕೇಂದ್ರಗಳನ್ನು ಘೋಷಿಸುವುದಕ್ಕಿಂತ ಮೊದಲು ಇವು ಆಗಬೇಕು.